ಬಿಯರಿನ ಚಿತ್ರವೂ ನಮ್ಮ ಮನೆಯ ಮಕ್ಕಳೂ

ಮಾರ್ಟಳ್ಳಿಯಲ್ಲಿ ಬಿಯರ್ ತಯಾರಿಸುವ ಹೋಟೆಲು ಇಲ್ಲ. ಹನೂರಿನಲ್ಲಿಯೂ ಇಲ್ಲ, ಕೊಳ್ಳೇಗಾಲದಲ್ಲಿಯೂ ಇಲ್ಲ. ಆದರೂ ಬೆಂಗಳೂರಿನ ಇಂದಿರಾನಗರದಲ್ಲಿಯೋ ವೈಟ್‌ಫೀಲ್ಡಿನಲ್ಲಿಯೋ ಈ ವಾರ ಯಾವ ಹೊಸ ಬಿಯರು ತೊಟ್ಟಿಯಿಂದ ಲೋಟಕ್ಕೆ ಇಳಿದಿದೆ ಎಂಬ ಸುದ್ದಿ, ಇಲ್ಲಿ ಹತ್ತನೆಯ ತರಗತಿಯಲ್ಲಿ ಓದುವ ಹುಡುಗನ ಅಂಗೈಯನ್ನು ಅದೇ ಸಂಜೆ ತಲುಪಬಲ್ಲದು. ಅದನ್ನು ತಲುಪಿಸುವವನು ಮದ್ಯದ ವ್ಯಾಪಾರಿಯಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವನ ಸ್ವಂತ ಅಣ್ಣ, ಇಲ್ಲವೆ ಚಿಕ್ಕಪ್ಪನ ಮಗ. ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಮದ್ಯದ ವಿಚಾರವಾಗಿ ಎಷ್ಟೋ ಪ್ರಬೋಧನೆಗಳು ನಡೆದಿವೆ, ತಪಸ್ಸುಕಾಲದಲ್ಲಿ ಎಷ್ಟೋ ಮಂದಿ ಹರಕೆ ಹೊತ್ತಿದ್ದಾರೆ. ಆದರೆ ಈ ಹೊಸ ಹಾದಿಯ ಬಗೆಗೆ ನಾವು ಒಟ್ಟಿಗೆ ಕುಳಿತು ಮಾತನಾಡಿದ್ದು ಕಡಿಮೆ. ಆದುದರಿಂದ ಈ ವಾರ ಅದನ್ನೇ ಎತ್ತಿಕೊಂಡಿದ್ದೇವೆ.

ಮೈಕ್ರೊಬ್ರೂವರಿ ಎಂದರೇನು ಎಂಬುದನ್ನು ಹಿರಿಯ ಓದುಗರಿಗಾಗಿ ಎರಡು ಮಾತಿನಲ್ಲಿ ತಿಳಿಸುವುದು ಒಳಿತು. ದೊಡ್ಡ ಕಾರ್ಖಾನೆಯವರು ಬಿಯರನ್ನು ಸೀಸೆಗೆ ತುಂಬಿ ಊರೂರಿಗೆ ಕಳುಹಿಸುತ್ತಾರೆ. ಮೈಕ್ರೊಬ್ರೂವರಿಯಲ್ಲಿ ಹಾಗಲ್ಲ. ಹೋಟೆಲಿನ ಒಳಗೇ, ಗಿರಾಕಿಗಳ ಕಣ್ಣಿಗೆ ಕಾಣುವಂತೆ ಉಕ್ಕಿನ ಹಂಡೆಗಳನ್ನು ನಿಲ್ಲಿಸಿ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಆ ರಸವನ್ನು ಹಾಪ್ಸ್ ಎಂಬ ಕಹಿ ಹೂವಿನೊಂದಿಗೆ ಕುದಿಸಿ, ಆರಿಸಿ, ಹುದುಗು ಬಿಟ್ಟು ಕೆಲವು ವಾರ ಕಾಯುತ್ತಾರೆ. ಬಳಿಕ ಹಂಡೆಯಿಂದ ನೇರವಾಗಿ ಲೋಟಕ್ಕೆ ಇಳಿಸಿ ಬಡಿಸುತ್ತಾರೆ. ಬೆಂಗಳೂರಿನಲ್ಲಿ ಈ ಪದ್ಧತಿಗೆ ಚಾಲನೆ ದೊರೆತದ್ದು 2010-11ರ ಹೊತ್ತಿಗೆ. ಟಾಯ್ಟ್, ದಿ ಬಿಯೆರ್ ಕ್ಲಬ್ ಮೊದಲಾದವು ಆಗ ಬಂದವು. 2012ರಲ್ಲಿ ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಬಂದಿತು. ಅನಂತರ ಅವುಗಳ ಸಂಖ್ಯೆ ಬೆಳೆಯುತ್ತಲೇ ಹೋಗಿದೆ. ಮಾವಿನ ಹಂಗಾಮಿಗೆ ಮಾವಿನ ಬಿಯರು, ಬಾಸ್ಮತಿ ಅಕ್ಕಿಯ ಬಿಯರು, ಕಾಫಿಯ ಪರಿಮಳದ ಕಪ್ಪು ಬಿಯರು ಎಂದು ಬಗೆಬಗೆಯ ಪ್ರಯೋಗಗಳು ನಡೆದಿವೆ. ಅದೊಂದು ಕೈಕೆಲಸವೆಂಬುದನ್ನೂ, ಅದರಲ್ಲಿ ತೊಡಗಿದವರು ಶ್ರದ್ಧೆಯುಳ್ಳವರೆಂಬುದನ್ನೂ ನಾವು ಅಲ್ಲಗಳೆಯುವುದಿಲ್ಲ.

ಇಂತಹ ಬಿಯರು ಬಹುಕಾಲ ಇಟ್ಟರೆ ಕೆಡುವಂಥದು. ಲಾರಿಯಲ್ಲಿ ಹೇರಿ ಹನೂರಿಗೆ ಕಳುಹಿಸುವ ಸರಕಲ್ಲ. ಬಿಯರು ಗಿರಾಕಿಯ ಬಳಿಗೆ ಹೋಗಲಾಗದ ಕಾರಣ ಗಿರಾಕಿಯನ್ನೇ ಬಿಯರಿನ ಬಳಿಗೆ ಕರೆಯಬೇಕು. ಕರೆಯುವುದು ಹೇಗೆ? ಕೇಬಲ್ ಟೆಲಿವಿಷನ್ ನಿಯಮಾವಳಿಗೆ 2000ದಲ್ಲಿ ತಂದ ತಿದ್ದುಪಡಿಯಂತೆ ಟಿ.ವಿ.ಯಲ್ಲಿ ಮದ್ಯದ ಜಾಹೀರಾತಿಗೆ ಅವಕಾಶವಿಲ್ಲ. ಉಳಿದದ್ದು ಮೊಬೈಲಿನ ಪರದೆ. ಹೊಸ ಬಿಯರು ಸಿದ್ಧವಾಗುವ ಮೊದಲೇ ಅದರ ಹೆಸರು ಇನ್‌ಸ್ಟಾಗ್ರಾಂನಲ್ಲಿ ಹೊರಡುತ್ತದೆ. ಹಂಡೆಯ ಮುಂದೆ ನಿಂತು ತಯಾರಕನು ನಾಲ್ಕು ಮಾತನಾಡುತ್ತಾನೆ. ಲೋಟದ ಅಂಚಿನಿಂದ ನೊರೆ ಇಳಿಯುವ ಹದಿನೈದು ಸೆಕೆಂಡಿನ ರೀಲ್ ಬರುತ್ತದೆ. ಹೆಚ್ಚು ಅನುಯಾಯಿಗಳಿರುವ ಹುಡುಗ ಹುಡುಗಿಯರನ್ನು ರುಚಿ ನೋಡಲು ಪುಕ್ಕಟೆಯಾಗಿ ಆಹ್ವಾನಿಸುವುದೂ ಉಂಟು. ಇಬ್ಬರು ಗೆಳೆಯರ ಹೆಸರನ್ನು ಜೋಡಿಸಿ ಹಂಚಿಕೊಂಡವರಿಗೆ ಬಹುಮಾನ ಎಂಬ ಪಂದ್ಯವೂ ಈ ವ್ಯಾಪಾರದಲ್ಲಿ ಸಾಮಾನ್ಯ. ಇಷ್ಟೆಲ್ಲ ಮಾಡುವುದು ಒಂದೇ ಒಂದು ಫಲಕ್ಕಾಗಿ: ಬಂದ ಗಿರಾಕಿಯು ತಾನೇ ಒಂದು ಚಿತ್ರ ತೆಗೆದು, ಸ್ಥಳದ ಹೆಸರು ಸೇರಿಸಿ, ತನ್ನವರಿಗೆಲ್ಲ ತೋರಿಸಬೇಕು. ಕಂಪನಿಯ ಖಾತೆಯಲ್ಲಿ ನೂರು ಚಿತ್ರ ಬಂದರೂ ನಂಬದ ಹುಡುಗ ತನ್ನ ಅಣ್ಣನ ಸ್ಟೇಟಸ್ಸಿನ ಒಂದು ಚಿತ್ರವನ್ನು ನಂಬುತ್ತಾನೆ ಎಂಬುದು ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು.

ದೊಡ್ಡ ಮದ್ಯ ಕಂಪನಿಗಳ ಹಾದಿ ಬೇರೆ. ಮದ್ಯದ ಹೆಸರನ್ನೇ ಸೋಡಾಕ್ಕೆ, ಕುಡಿಯುವ ನೀರಿಗೆ, ಹಾಡಿನ ಸಿ.ಡಿ.ಗೆ ಇಟ್ಟು ಪ್ರಚಾರ ನಡೆಸಿದ ಕಾಲವನ್ನು ನಾವೆಲ್ಲ ಕಂಡಿದ್ದೇವೆ. ಕಿಂಗ್‌ಫಿಷರ್ ಎಂಬ ಬಿಯರಿನ ಹೆಸರು 2005ರಿಂದ 2012ರವರೆಗೆ ವಿಮಾನದ ಮೇಲೆಯೇ ಹಾರಾಡಿತು. 2008ರಲ್ಲಿ ಐ.ಪಿ.ಎಲ್. ಆರಂಭವಾದಾಗ ಬೆಂಗಳೂರಿನ ತಂಡಕ್ಕೆ ಬಂದ ಹೆಸರಿನ ಮೂಲ ರಾಯಲ್ ಚಾಲೆಂಜ್ ಎಂಬ ವಿಸ್ಕಿ. ಇಂದು ನಮ್ಮ ಹಳ್ಳಿಯ ಆರು ವರುಷದ ಮಗುವೂ ಆ ತಂಡಕ್ಕೆ ಜಯಕಾರ ಹಾಕುತ್ತದೆ. ಹಾಕಲಿ, ಆಟ ಆಟವೇ. ಹೆಸರೊಂದು ಸೀಸೆಯಿಂದ ಹೊರಟು ಮಗುವಿನ ಬಾಯಿಗೆ ಬರಲು ಎಷ್ಟು ಕಡಿಮೆ ಸಮಯ ಸಾಕೆಂಬುದನ್ನು ಮಾತ್ರ ಗಮನಿಸಬೇಕು. 2022ರ ಜೂನ್ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಯು ಇಂತಹ ಮರೆಮಾಚಿದ ಜಾಹೀರಾತುಗಳನ್ನು ನಿಷೇಧಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸುವ ಅಧಿಕಾರ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿದೆ. ಹಣ ಪಡೆದು ಹೊಗಳುವವರು ಅದು ಜಾಹೀರಾತೆಂದು ಸ್ಪಷ್ಟವಾಗಿ ಬರೆಯಬೇಕೆಂದು ಜಾಹೀರಾತು ಗುಣಮಟ್ಟ ಮಂಡಳಿಯೂ 2021ರಲ್ಲಿ ನಿಯಮ ಮಾಡಿತು.

ಈ ನಿಯಮಗಳೆಲ್ಲ ಬೇಕಾದವುಗಳೇ. ಆದರೆ ಅವು ಹಿಡಿಯಬಲ್ಲದ್ದು ಮಾರುವವನನ್ನು ಮತ್ತು ಹಣ ಪಡೆದು ಹೊಗಳುವವನನ್ನು. ಹಣ ಪಡೆಯದೆ, ತಾನೇ ಹಣ ಕೊಟ್ಟು ಕುಡಿದು, ಸಂತೋಷದಿಂದ ಚಿತ್ರ ಹಾಕಿದ ತರುಣನನ್ನು ಯಾವ ಕಾನೂನೂ ಹಿಡಿಯಲಾರದು. ಹಿಡಿಯಬೇಕೆಂದು ನಾವು ಕೇಳುವುದೂ ಇಲ್ಲ. ಅಲ್ಲಿಗೆ ಸರ್ಕಾರದ ಕೆಲಸ ಮುಗಿದು ಕುಟುಂಬದ ಕೆಲಸ ಪ್ರಾರಂಭವಾಗುತ್ತದೆ. ಕರ್ನಾಟಕದ ಅಬಕಾರಿ ನಿಯಮಗಳಂತೆ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಈ ವಯಸ್ಸನ್ನು 18ಕ್ಕೆ ಇಳಿಸುವ ಕರಡು ಹೊರಬಂದಾಗ ಜನರು ಆಕ್ಷೇಪಿಸಿದರು, ಸರ್ಕಾರವು ಅದನ್ನು ಹಿಂತೆಗೆದುಕೊಂಡಿತು. ಅಂಗಡಿಯ ಬಾಗಿಲಿಗೆ ಹೀಗೆ ಒಂದು ಕಾವಲಿದೆ. ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಯಾವ ಕಾವಲಿದೆ?

ನಮ್ಮ ಭಾಗದ ಪರಿಸ್ಥಿತಿಯನ್ನು ಬಲ್ಲವರಿಗೆ ವಿವರಣೆ ಬೇಡ. ಮಳೆಯನ್ನು ನಂಬಿದ ಒಣಭೂಮಿ. ರಾಗಿ, ಮುಸುಕಿನ ಜೋಳ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಓದು ಮುಗಿದರೆ ಅಥವಾ ನಿಂತರೆ ಬಸ್ಸು ಹತ್ತಿ ಬೆಂಗಳೂರಿಗೋ ತಮಿಳುನಾಡಿನ ಕಡೆಗೋ ದುಡಿಮೆಗೆ ಹೊರಡುವುದು. ಹೀಗೆ ಹೋದ ಮಕ್ಕಳಲ್ಲಿ ಹೋಟೆಲಿನ ಕೆಲಸ ಹಿಡಿದವರು ಇದ್ದಾರೆ, ಕಂಪ್ಯೂಟರಿನ ಕೆಲಸ ಹಿಡಿದವರೂ ಇದ್ದಾರೆ. ಊರಿನಲ್ಲಿ ಉಳಿದ ತಮ್ಮಂದಿರಿಗೆ ಪಟ್ಟಣವೆಂದರೆ ಆ ಅಣ್ಣಂದಿರು ಕಳುಹಿಸುವ ಚಿತ್ರಗಳೇ. ಗಾಜಿನ ಗೋಡೆ, ಹಳದಿ ದೀಪ, ನಗುವ ಗೆಳೆಯರು, ಎತ್ತಿ ಹಿಡಿದ ಲೋಟ. ಅಣ್ಣನು ಬಾಡಿಗೆಗೆ ಪರದಾಡುವ ಚಿತ್ರ, ರಾತ್ರಿ ಪಾಳಿ ಮುಗಿಸಿ ಹಿಂದಿರುಗುವ ಚಿತ್ರ ಸ್ಟೇಟಸ್ಸಿಗೆ ಬರುವುದಿಲ್ಲ. ಬದುಕಿನಲ್ಲಿ ಜಯ ಕಂಡವನ ಕೈಯಲ್ಲಿ ಇರಬೇಕಾದದ್ದು ಲೋಟ ಎಂದು ಹುಡುಗನು ತಿಳಿದರೆ ಅದು ಅವನ ತಪ್ಪಲ್ಲ.

ಇಲ್ಲಿ ಒಂದು ಲೆಕ್ಕವನ್ನು ಓದುಗರ ಮುಂದಿಡಬಯಸುತ್ತೇವೆ. ಚಿತ್ರದಲ್ಲಿರುವ ಬಿಯರಿನಲ್ಲಿ ಶೇಕಡ 5ರಷ್ಟು ಮದ್ಯಸಾರ ಇದೆಯೆಂದು ಇಟ್ಟುಕೊಳ್ಳೋಣ. 330 ಮಿಲಿಲೀಟರಿನ ಒಂದು ಲೋಟದಲ್ಲಿ ಸುಮಾರು 16.5 ಮಿ.ಲೀ. ಮದ್ಯಸಾರ ಆಯಿತು. ಅಂತಹ ಲೋಟವೊಂದರ ಬೆಲೆ ಹಳ್ಳಿಯ ಕೂಲಿಯ ಎಷ್ಟು ಪಾಲು ಎಂಬುದನ್ನು ಓದುಗರೇ ಊಹಿಸಬಹುದು. ಚಿತ್ರವನ್ನು ನೋಡಿ ಆಸೆಗೊಂಡ ಹಳ್ಳಿಯ ಹುಡುಗನಿಗೆ ಆ ಬಿಯರು ಸಿಗುವುದಿಲ್ಲ. ಅವನಿಗೆ ಸುಲಭವಾಗಿ ಸಿಗುವುದು 90 ಮಿ.ಲೀ. ಅಗ್ಗದ ಮದ್ಯದ ಟೆಟ್ರಾ ಪ್ಯಾಕೆಟ್ಟು. ಅದರಲ್ಲಿ ಶೇಕಡ 42.8ರಷ್ಟು ಮದ್ಯಸಾರ, ಎಂದರೆ 38.5 ಮಿ.ಲೀ. ಅಂಗಿಯ ಜೇಬಿನಲ್ಲಿ ಹಿಡಿಸುವ ಆ ಪುಟ್ಟ ಪೊಟ್ಟಣದಲ್ಲಿ ಚಿತ್ರದ ಎರಡು ಲೋಟಕ್ಕಿಂತ ಹೆಚ್ಚಿನ ಮದ್ಯಸಾರ ಇದೆ. ಪಟ್ಟಣದ ಗೆಳೆಯರು ಒಂದು ಲೋಟವನ್ನು ಮುಂದಿಟ್ಟುಕೊಂಡು ಒಂದು ಗಂಟೆ ಹರಟುತ್ತಾರೆ. ಹಳ್ಳಿಯವನು ಪೊಟ್ಟಣವನ್ನು ನೀರು ಬೆರೆಸಿಯೋ ಬೆರೆಸದೆಯೋ ಮರದ ಮರೆಯಲ್ಲಿ ಎರಡು ನಿಮಿಷದಲ್ಲಿ ಮುಗಿಸುತ್ತಾನೆ. ಕುಶಲ ಕೈಗಳು ತಯಾರಿಸಿದ ಬಿಯರಿನ ಪ್ರಚಾರವು ಹೀಗೆ ನಮ್ಮೂರಿಗೆ ಬರುವಷ್ಟರಲ್ಲಿ ಪೊಟ್ಟಣದ ಪ್ರಚಾರವಾಗಿ ಬದಲಾಗುತ್ತದೆ. ಬ್ರೂವರಿಯವರು ಅದನ್ನು ಉದ್ದೇಶಿಸಿರಲಾರರು. ಆದರೆ ಫಲವನ್ನು ಅನುಭವಿಸುವವರು ನಮ್ಮ ತಾಯಂದಿರು.

ರಾಜ್ಯದಲ್ಲಿ 2007ರ ಜುಲೈ 1ರಂದು ಸಾರಾಯಿ ನಿಷೇಧವಾದಾಗ ಹಳ್ಳಿಯ ಹೆಂಗಸರು ನಿಟ್ಟುಸಿರು ಬಿಟ್ಟರು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ರಮ್ಮುಗಳು ಬಂದವು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದರು. ಅವರ ಕಾಲಿನ ಬೊಕ್ಕೆಗಳ ಚಿತ್ರಗಳು ಎಷ್ಟು ಮೊಬೈಲುಗಳಲ್ಲಿ ಹರಿದಾಡಿದವು? 2025-26ರ ರಾಜ್ಯ ಮುಂಗಡಪತ್ರದಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಇಷ್ಟು ದೊಡ್ಡ ಆದಾಯವನ್ನು ನೆಚ್ಚಿಕೊಂಡ ಸರ್ಕಾರ ನಮ್ಮ ಮಕ್ಕಳನ್ನು ಕಾಯುತ್ತದೆಂದು ಕುಳಿತಿರಲಾಗದು.

ಇಷ್ಟು ಬರೆದೊಡನೆ ನಮ್ಮವರೇ ಆದ ಕೆಲವರು ಒಂದು ಪ್ರಶ್ನೆಯನ್ನು ಮುಂದಿಡುವುದುಂಟು. ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿಯೇ ನೀರನ್ನು ದ್ರಾಕ್ಷಾರಸವಾಗಿ ಮಾರ್ಪಡಿಸಲಿಲ್ಲವೆ? ಯೂರೋಪಿನ ಸನ್ಯಾಸಿ ಮಠಗಳಲ್ಲಿಯೇ ಬಿಯರು ಮಾಡುತ್ತಾರಲ್ಲವೆ? ಪ್ರಶ್ನೆ ನ್ಯಾಯವಾದುದು, ಅದನ್ನು ನಕ್ಕು ತಳ್ಳಿಹಾಕಬಾರದು. ಮದ್ಯವನ್ನು ಮುಟ್ಟುವುದೇ ಪಾಪವೆಂದು ಕಥೋಲಿಕ ಧರ್ಮಸಭೆ ಬೋಧಿಸಿಲ್ಲ. ಮಿತಿ ಮೀರಬಾರದೆಂದು, ಆಹಾರ, ಮದ್ಯ, ತಂಬಾಕು, ಔಷಧ ಇವುಗಳ ದುರ್ಬಳಕೆಯಿಂದ ದೂರವಿರಬೇಕೆಂದು ಧರ್ಮೋಪದೇಶ ಗ್ರಂಥದ 2290ನೆಯ ಪರಿಚ್ಛೇದ ತಿಳಿಸುತ್ತದೆ. ಸಂತ ಬೆನೆಡಿಕ್ಟರು ಆರನೆಯ ಶತಮಾನದಲ್ಲಿ ಬರೆದ ಮಠನಿಯಮದ 40ನೆಯ ಅಧ್ಯಾಯದಲ್ಲಿ ಸನ್ಯಾಸಿಗಳಿಗೆ ದಿನಕ್ಕೆ ಇಷ್ಟು ದ್ರಾಕ್ಷಾರಸ ಎಂದು ಅಳತೆಯನ್ನೇ ಗೊತ್ತುಮಾಡಿದ್ದಾರೆ. ಸನ್ಯಾಸಿಗಳಿಗೆ ಅದು ತಕ್ಕದ್ದಲ್ಲವಾದರೂ ಒಪ್ಪಿಸಲಾಗದ ಕಾರಣ ಹಿತಮಿತವಾಗಿರಲಿ ಎಂಬ ಧಾಟಿಯಲ್ಲಿ. (ಸಂತರಿಗೂ ತಮ್ಮವರನ್ನು ಒಪ್ಪಿಸುವುದು ಕಷ್ಟವಾಗಿತ್ತೆಂಬುದು ನಮ್ಮ ಗುರುಗಳಿಗೆ ಕೊಂಚ ಸಮಾಧಾನ ತರಬಹುದು.) ವಿಶ್ವ ಆರೋಗ್ಯ ಸಂಸ್ಥೆಯಂತೂ 2023ರ ಜನವರಿಯಲ್ಲಿ, ಆರೋಗ್ಯಕ್ಕೆ ಅಪಾಯವಿಲ್ಲದ ಮದ್ಯದ ಅಳತೆ ಎಂಬುದೇ ಇಲ್ಲವೆಂದು ಹೇಳಿದೆ.

ಮಠದ ಬಿಯರಿನ ಮಾತು ಬಂದುದರಿಂದ ಬೆಲ್ಜಿಯಂ ದೇಶದ ವೆಸ್ಟ್‌ವ್ಲೆಟರೆನ್ ಎಂಬ ಹಳ್ಳಿಯ ಸಂತ ಸಿಕ್ಸ್‌ಟಸ್ ಮಠದ ವೃತ್ತಾಂತವನ್ನು ಹೇಳಬೇಕು. 1831ರಲ್ಲಿ ಸ್ಥಾಪನೆಯಾದ ಟ್ರ್ಯಾಪಿಸ್ಟ್ ಸನ್ಯಾಸಿಗಳ ಮಠವದು. ಕೆಲವೇ ವರ್ಷಗಳಲ್ಲಿ ಬಿಯರು ತಯಾರಿಕೆಯೂ ಮೊದಲಾಯಿತು. 2005ರಲ್ಲಿ ಬಿಯರುಪ್ರಿಯರ ಅಂತರರಾಷ್ಟ್ರೀಯ ಮತದಾನವೊಂದರಲ್ಲಿ ಅವರ ಬಿಯರು ಜಗತ್ತಿಗೇ ಶ್ರೇಷ್ಠವೆಂದು ಆಯ್ಕೆಯಾಗಲು, ಮಠದ ಮುಂದೆ ಕಾರುಗಳ ಸಾಲು ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಹತ್ತು ಹಂಡೆಗಳನ್ನು ಹೆಚ್ಚಿಸಿ, ಊರೂರಿಗೆ ಫಲಕ ಹಾಕುತ್ತಿದ್ದರು. ಸನ್ಯಾಸಿಗಳು ತಯಾರಿಕೆಯನ್ನು ಹೆಚ್ಚಿಸಲಿಲ್ಲ. ಮಠದ ಜೀವನಕ್ಕೆ ಎಷ್ಟು ಬೇಕೋ ಅಷ್ಟೇ ಸಾಕೆಂಬುದು ಅವರ ನಿಲುವು. ಮೊದಲೇ ದೂರವಾಣಿಯಲ್ಲಿ ಹೆಸರು ಮತ್ತು ಕಾರಿನ ಸಂಖ್ಯೆ ಬರೆಸಿ, ಮಠದ ಬಾಗಿಲಿಗೆ ಬಂದು ಗೊತ್ತಾದ ಅಳತೆಯನ್ನು ಮಾತ್ರ ಒಯ್ಯಬೇಕು, ಮರುಮಾರಾಟ ಮಾಡಕೂಡದು ಎಂಬ ಕಟ್ಟಳೆಗಳಿದ್ದವು. ಸೀಸೆಯ ಮೇಲೆ ಬಹುಕಾಲ ಚೀಟಿಯೂ ಇರಲಿಲ್ಲ. ಹೇಳಬೇಕಾದದ್ದೆಲ್ಲ ಮುಚ್ಚಳದ ಮೇಲೆ. 2012ರಲ್ಲಿ ಮಠದ ಕಟ್ಟಡದ ಜೀರ್ಣೋದ್ಧಾರಕ್ಕೆ ಹಣ ಬೇಕಾದಾಗ ಹೊರದೇಶಗಳಲ್ಲಿಯೂ ಒಂದು ಬಾರಿ ಮಾರಿದರು. ಕೆಲಸವಾದ ಮೇಲೆ ನಿಲ್ಲಿಸಿದರು. 2019ರಲ್ಲಿ ಅವರೂ ದೂರವಾಣಿಯ ಬದಲು ಅಂತರ್ಜಾಲದ ಮೂಲಕ ಕಾದಿರಿಸುವ ಏರ್ಪಾಡು ಮಾಡಿಕೊಂಡರು. ಅಂದರೆ ಹೊಸ ಸಾಧನವನ್ನು ಕಂಡು ಹೆದರಿದವರಲ್ಲ. ಅವರ ಹೆಸರು ಜಗತ್ತಿಗೆ ಹರಡಿದ್ದೇ ಕುಡಿದವರು ಅಂತರ್ಜಾಲದಲ್ಲಿ ಬರೆದುದರಿಂದ ಎಂಬುದೂ ನಿಜ. ಆದರೆ ಆ ಬೆಂಕಿಗೆ ಅವರು ಗಾಳಿ ಹಾಕಲಿಲ್ಲ. ಸನ್ಯಾಸಿಗಳ ಬಿಯರನ್ನು ಸಾಕ್ಷಿಗೆ ಕರೆಯುವವರು ಅವರ ಈ ಸಂಯಮವನ್ನೂ ಸಾಕ್ಷಿಗೆ ಕರೆಯಬೇಕಾಗುತ್ತದೆ.

ಧರ್ಮಸಭೆಯು ಜಾಹೀರಾತನ್ನು ಹಗೆಯಂತೆ ನೋಡಿಲ್ಲ. 1997ರ ಫೆಬ್ರವರಿಯಲ್ಲಿ ಸಮೂಹ ಸಂಪರ್ಕಗಳ ಪೀಠಾಯೋಗವು ಜಾಹೀರಾತಿನ ನೀತಿಯನ್ನು ಕುರಿತು ಒಂದು ಪತ್ರವನ್ನೇ ಹೊರಡಿಸಿತು. ಒಳ್ಳೆಯ ಸರಕನ್ನು ಜನರಿಗೆ ತಿಳಿಸುವುದು ಉಪಕಾರವೇ ಎಂದು ಒಪ್ಪಿದ ಆ ಪತ್ರ, ಜಾಹೀರಾತು ಮಾಡುವವನು ಸತ್ಯವನ್ನು ಮೀರಬಾರದು, ಮನುಷ್ಯನ ಘನತೆಯನ್ನು ಕುಂದಿಸಬಾರದು, ಸಮಾಜದ ಹೊಣೆಯನ್ನು ಮರೆಯಬಾರದು ಎಂಬ ಮೂರು ಮಾತುಗಳನ್ನು ಮುಂದಿಟ್ಟಿತು. ಅಂದು ಇನ್‌ಸ್ಟಾಗ್ರಾಂ ಹುಟ್ಟಿರಲಿಲ್ಲ. 2023ರ ಮೇ ತಿಂಗಳಲ್ಲಿ ವ್ಯಾಟಿಕನ್ನಿನ ಸಂಪರ್ಕ ಇಲಾಖೆಯು ಸಾಮಾಜಿಕ ಜಾಲತಾಣಗಳನ್ನು ಕುರಿತೇ ಪಾಲನಾ ಚಿಂತನೆಯೊಂದನ್ನು ಪ್ರಕಟಿಸಿ, ಅಲ್ಲಿ ಎದುರಾಗುವವನು ನಮ್ಮ ನೆರೆಯವನೇ ಎಂದು ಒಳ್ಳೆಯ ಸಮಾರಿತನ ಸಾಮತಿಯ ಮೂಲಕ ನೆನಪಿಸಿತು.

ಈ ವಿಚಾರದಲ್ಲಿ ನಮ್ಮ ಮನಸ್ಸನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೊಂದಿದೆ. ನಮ್ಮ ಧರ್ಮಕೇಂದ್ರಗಳ ಮಕ್ಕಳು ಈಗ ಪ್ರಚಾರವನ್ನು ನೋಡುವವರಷ್ಟೇ ಅಲ್ಲ, ಪ್ರಚಾರವನ್ನು ಮಾಡುವವರೂ ಆಗಬಲ್ಲರು. ಕನ್ಯಾಸ್ತ್ರೀಯರ ಶಾಲೆಯಲ್ಲಿ ಓದಿ, ಅಪ್ಪ ಅಮ್ಮ ಸಾಲ ಮಾಡಿ ಪದವಿ ಕೊಡಿಸಿದ ಹುಡುಗಿಯೊಬ್ಬಳಿಗೆ ಬೆಂಗಳೂರಿನ ಡಿಜಿಟಲ್ ಮಾರ್ಕೆಟಿಂಗ್ ಕಚೇರಿಯಲ್ಲಿ ಕೆಲಸ ದೊರೆತಿದೆ ಎನ್ನೋಣ. ಅಲ್ಲಿ ಅವಳ ಪಾಲಿಗೆ ಬಂದ ಗಿರಾಕಿ ಒಂದು ಬ್ರೂವರಿ. ತಿಂಗಳ ಸಂಬಳದಲ್ಲಿ ತಮ್ಮನ ಫೀಸು ಹೋಗಬೇಕು, ಮನೆಯ ಸಾಲ ತೀರಬೇಕು. ಅವಳು ಗುರುಗಳ ಬಳಿ ಬಂದು ಈ ಕೆಲಸ ಮಾಡಬಹುದೆ ಎಂದು ಕೇಳಿದರೆ ಏನು ಹೇಳುವುದು? ಬಿಟ್ಟುಬಿಡು ಎನ್ನುವುದು ಸುಲಭ. ಬೇರೆ ಕೆಲಸ ಕೊಡಿಸುವವರು ಯಾರು? ಏನಾದರೂ ಮಾಡಿಕೋ ಎನ್ನುವುದು ಇನ್ನೂ ಸುಲಭ.

ನಮ್ಮ ಅಭಿಪ್ರಾಯವನ್ನು ಹೇಳಿಬಿಡುತ್ತೇವೆ; ಒಪ್ಪದವರು ಬರೆದು ತಿಳಿಸಲಿ. ಕಾನೂನಿಗೆ ಒಳಪಟ್ಟ ವ್ಯಾಪಾರದ ಬಗೆಗೆ, ಬಿಯರು ಯಾವ ಧಾನ್ಯದ್ದು, ಎಷ್ಟು ಮದ್ಯಸಾರದ್ದು, ಎಲ್ಲಿ ಎಷ್ಟು ಹೊತ್ತಿನವರೆಗೆ ಬಡಿಸುತ್ತಾರೆ ಎಂದು ವಯಸ್ಕರಿಗೆ ತಿಳಿಸುವ ಕೆಲಸವನ್ನು ಅವಳು ಮಾಡಬಹುದು. ಆದರೆ ಕುಡಿತವೇ ಗೆಳೆತನ, ಕುಡಿತವೇ ಗಂಡಸುತನ, ಕುಡಿಯದವನು ಹಳ್ಳಿಗಮಾರ ಎಂದು ಸೂಚಿಸುವ ಒಂದು ಸಾಲನ್ನೂ ಅವಳ ಬೆರಳು ಬರೆಯಬಾರದು. ಎಳೆಯ ಮುಖಗಳನ್ನು ಚಿತ್ರಕ್ಕೆ ಬಳಸಬಾರದು. ಹಣ ಕೊಟ್ಟು ಹೊಗಳಿಸಿದುದನ್ನು ಹೊಗಳಿಕೆಯಲ್ಲ, ಜಾಹೀರಾತೆಂದೇ ಬರೆಯಬೇಕು. ಇಂತಹ ಮಾತನ್ನು ಕಚೇರಿಯಲ್ಲಿ ಹೇಳಿದರೆ ಕೆಲಸ ಹೋದೀತೆಂಬ ಭಯ ಇರುತ್ತದೆ. ಅದಕ್ಕೆ ಒಬ್ಬಳೇ ಹೇಳಬಾರದು. ನಮ್ಮ ಯುವಜನ ಸಂಘಗಳು ಊರಿನ ಹಬ್ಬಕ್ಕೆ ಕಬಡ್ಡಿ ಪಂದ್ಯ ಏರ್ಪಡಿಸುವುದರ ಜೊತೆಗೆ, ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳನ್ನು ವರ್ಷಕ್ಕೆರಡು ಬಾರಿಯಾದರೂ ಒಂದೆಡೆ ಸೇರಿಸಿ, ಅವರ ಉದ್ಯೋಗದ ಇಕ್ಕಟ್ಟುಗಳನ್ನು ಕೇಳಬೇಕು. ಮೈಸೂರು ಧರ್ಮಪ್ರಾಂತ್ಯ ಮತ್ತು ಬೆಂಗಳೂರು ಮಹಾಧರ್ಮಪ್ರಾಂತ್ಯಗಳ ಯುವ ಆಯೋಗಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಂತಿಸುತ್ತೇವೆ.

ಇನ್ನು ಕುಟುಂಬದ ಪಾಲಿನ ಕೆಲಸ. ನಮ್ಮಲ್ಲಿ ಮದುವೆಯೋ ಪ್ರಥಮ ಪರಮಪ್ರಸಾದವೋ ನಡೆದರೆ ಅದರ ಸಂಜೆಯ ಔತಣದ ಚಿತ್ರಗಳು ಮರುದಿನ ಬೆಳಗಿನ ಬಲಿಪೂಜೆಗೆ ಮೊದಲೇ ಎಲ್ಲರ ಮೊಬೈಲಿನಲ್ಲಿರುತ್ತವೆ. ಬಿಳಿಯ ಉಡುಪಿನ ಮಗು ಮುಂದೆ ನಿಂತಿದ್ದರೆ ಹಿಂದಿನ ಮೇಜಿನ ಮೇಲೆ ಸೀಸೆಗಳು. ಫೋಟೊ ತೆಗೆಯುವವನಿಗೆ ಒಂದು ಮಾತು ಹೇಳಿದರೆ ಇದನ್ನು ತಪ್ಪಿಸಬಹುದು. ಯಾವ ಮನೆಯಲ್ಲಿ ತಂದೆ ಕುಡಿಯುತ್ತಾನೋ ಆ ಮನೆಯ ಮಗನಿಗೆ ಮೊಬೈಲು ಮುಟ್ಟಬೇಡವೆಂದು ಹೇಳುವ ಬಾಯಿ ತಂದೆಗೆ ಇರುವುದಿಲ್ಲವೆಂಬುದನ್ನೂ ಬರೆಯದೆ ಬಿಡಲಾಗದು. ಮದ್ಯದ ಜಾಹೀರಾತೇ ಬೇರೆ ಸರಕಿನ ವೇಷದಲ್ಲಿ ಮಕ್ಕಳ ಪರದೆಗೆ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ದೂರು ಕೊಡಬಹುದು.

ಬೆಂಗಳೂರಿನಲ್ಲಿ ದುಡಿಯುವ ನಮ್ಮ ತರುಣರಿಗೆ ಒಂದು ಬೇಡಿಕೆ. ನೀವು ವಯಸ್ಕರು, ನಿಮ್ಮ ದುಡಿಮೆಯ ಹಣ, ನಿಮ್ಮ ಸಂಜೆ. ಲೋಟ ಹಿಡಿಯಬೇಕೆ ಬೇಡವೆ ಎಂಬುದು ನಿಮ್ಮ ಅಂತಃಸಾಕ್ಷಿಗೆ ಬಿಟ್ಟ ವಿಷಯ. ಆದರೆ ಸ್ಟೇಟಸ್ಸು ಹಾಕುವ ಮೊದಲು ಅದನ್ನು ಯಾರು ಯಾರು ನೋಡಬೇಕೆಂದು ಆರಿಸುವ ಸೌಕರ್ಯ ವಾಟ್ಸ್‌ಆ್ಯಪ್‌ನಲ್ಲಿಯೂ ಇದೆ, ಇನ್‌ಸ್ಟಾಗ್ರಾಂನಲ್ಲಿಯೂ ಇದೆ. ಕ್ರಿಸ್ಮಸ್ಸಿಗೋ ಊರ ಹಬ್ಬಕ್ಕೋ ಮನೆಗೆ ಬಂದಾಗ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಿತ್ರದಲ್ಲಿ ಕಾಣದ ಸಂಗತಿಗಳನ್ನು ಅವನಿಗೆ ಹೇಳಿರಿ: ಆ ಲೋಟದ ಬೆಲೆ ಎಷ್ಟು, ಆ ತಿಂಗಳ ಬಾಡಿಗೆ ಎಷ್ಟು, ಊರಿಗೆ ಕಳುಹಿಸಲು ಉಳಿದದ್ದು ಎಷ್ಟು ಎಂಬುದನ್ನು.